ಫುಟ್ಬಾಲ್ ಜೆರ್ಸಿ ಹಾಕಿ ಸೈಕಲ್ ಬಿಡುದು ಹೇಗೆ

ನಮ್ಮ ಕಾಸರಗೋಡಲ್ಲಿ ಯಾವ ಮನೆಯ ಕಪಾಟು ತೆಗೆದ್ರೂ ಒಂದು ಫುಟ್ಬಾಲ್ ಜೆರ್ಸಿ ಸಿಕ್ಕೇ ಸಿಗ್ತದೆ, 2022ರ ವರ್ಲ್ಡ್ ಕಪ್ ಸಮಯ ಮಾರ್ಗದ ಬದಿಯಲ್ಲಿ ತಗೊಂಡ ಅರ್ಜೆಂಟೀನಾದ ನೀಲಿ ಬಿಳಿ ಪಟ್ಟೆಯದ್ದೋ, ಬ್ರೆಜಿಲಿನ ಹಳದಿಯೋ, ಇಲ್ಲದಿದ್ರೆ ಏಳೇಳು ಜನ ಆಡುವ ಊರಿನ ಸೆವೆನ್ಸ್ ಟೀಮಿಗೆ ಹೊಲಿಸಿದ್ದೋ ಎಂತಾದ್ರೂ ಉಂಟು. ಸೈಕಲ್ ಶುರು ಮಾಡ್ಬೇಕು ಅಂತ ಆಸೆ ಇರುವವರು ನನ್ನತ್ರ ಮೊದಲು ಕೇಳುದು ಒಂದೇ ಪ್ರಶ್ನೆ, ಆ ಮೈಗೆ ಅಂಟುವ ಲೈಕ್ರಾ ಡ್ರೆಸ್ ಹಾಕ್ಲೇಬೇಕಾ, ಪೇಟೆಯಲ್ಲಿ ಇಳಿದು ಚಾ ಕುಡಿಲಿಕ್ಕೆ ನಾಚಿಕೆ ಆಗ್ತದೆ ಅಂತ. ಬೇಡ. ಕಪಾಟಲ್ಲಿ ಇರುವ ಜೆರ್ಸಿ ಸಾಕು, ಆದ್ರೆ ಯಾವ ಜೆರ್ಸಿ, ಅದಕ್ಕೆ ಎಂತೆಲ್ಲ ಮಾಡ್ಬೇಕು ಅಂತ ಗೊತ್ತಿರ್ಬೇಕು. ನಾನು ನಾಲ್ಕು ವರ್ಷದಿಂದ ಬದಿಯಡ್ಕ, ಸೀತಾಂಗೋಳಿ, ಕುಂಬಳೆ ಅಂತ ತಿರುಗುದು ಫುಟ್ಬಾಲ್ ಜೆರ್ಸಿಯಲ್ಲೇ.

ಮೊದಲು ಬಟ್ಟೆ. ಹತ್ತಿ ಬನಿಯನ್ ಬೆವರನ್ನು ಕುಡಿದು ಹಿಡ್ಕೊಳ್ತದೆ, ಒಂದು ಗಂಟೆ ಕಳೆದ ಮೇಲೆ ಒದ್ದೆ ಗೋಣಿ ಹೊತ್ತ ಹಾಗೆ ಆಗ್ತದೆ. ಪಾಲಿಯೆಸ್ಟರ್ ನೂಲು ಹೆಚ್ಚು ನೀರು ಕುಡಿಯುದಿಲ್ಲ, ಬೆವರು ಬಟ್ಟೆಯ ಹೊರಮೈಗೆ ಹರಡಿ ಗಾಳಿಗೆ ಆರ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ನಿಂತ್ರೆ ಬೆವರು ಆರುದೇ ಇಲ್ಲ, ಸೈಕಲ್ ಓಡುವಾಗ ಬರುವ ಗಾಳಿಯೇ ನಮಗೆ ಫ್ಯಾನು, ಹಾಗಾಗಿ ಗಾಳಿ ಒಳಗೆ ಹೋಗುವ ಬಟ್ಟೆ ಬೇಕೇ ಬೇಕು. ಅರ್ಜೆಂಟೀನಾ ಫ್ಯಾನುಗಳಿಗೆ ಇದು ಹೊಸ ವಿಷಯ ಅಲ್ಲ. 1986ರ ವರ್ಲ್ಡ್ ಕಪ್ಪಲ್ಲಿ ಮೆಕ್ಸಿಕೊದ ಬಿಸಿಲಲ್ಲಿ ಅವರ ನೀಲಿ ಅವೇ ಜೆರ್ಸಿ, ಅಂದ್ರೆ ಬಣ್ಣ ಬದಲಿಸಿ ಹಾಕುವ ಎರಡನೇ ಜೆರ್ಸಿ, ದಪ್ಪ ಹತ್ತಿಯದ್ದು, ಭಾರ ಆಗ್ತದೆ ಅಂತ ಕೋಚ್ ಬಿಲಾರ್ಡೊಗೆ ತಲೆಬಿಸಿ. ಇಂಗ್ಲೆಂಡ್ ಮ್ಯಾಚಿನ ಮೊದಲು ಮೆಕ್ಸಿಕೊ ಸಿಟಿಯ ಅಂಗಡಿಯಿಂದ ತೆಳು ನೀಲಿ ಜೆರ್ಸಿ ತಂದು, ಬ್ಯಾಡ್ಜ್ ಹೊಲಿದು, ಅಮೆರಿಕನ್ ಫುಟ್ಬಾಲಿನ ಬೆಳ್ಳಿ ಬಣ್ಣದ ನಂಬರ್ ಇಸ್ತ್ರಿ ಹಾಕಿ ಅಂಟಿಸಿದ್ದು. ಮರಡೋನಾ ಆ ಎರಡು ಗೋಲು ಹೊಡೆದದ್ದು ಆ ಅಂಗಡಿ ಜೆರ್ಸಿ ಹಾಕಿಯೇ. ವರ್ಲ್ಡ್ ಕಪ್ ಆಡುವವರಿಗೇ ಬಟ್ಟೆಯ ಭಾರ ಅಷ್ಟು ಮುಖ್ಯ ಆಗಿತ್ತು, ಪೊಸಡಿಗುಂಪೆಯ ಏರು ಹತ್ತುವ ನಮಗೆ ಆಗದೆ ಇರ್ತದಾ.

ಅಂಗಡಿಯಲ್ಲಿ ಎರಡು ಜಾತಿ ಸಿಗ್ತದೆ, ಫ್ಯಾನ್ ವರ್ಷನ್ ಮತ್ತೆ ಪ್ಲೇಯರ್ ವರ್ಷನ್. ಫ್ಯಾನ್ ವರ್ಷನ್ ಸ್ವಲ್ಪ ಲೂಸು, ಎದೆಯ ಬ್ಯಾಡ್ಜ್ ಸಾಧಾರಣ ನೂಲಲ್ಲಿ ಹೊಲಿದದ್ದು. ಪ್ಲೇಯರ್ ವರ್ಷನ್ ಮೈಗೆ ಹತ್ತಿರ ಕೂತ್ಕೊಳ್ತದೆ, ಬಟ್ಟೆ ತೆಳು, ಬ್ಯಾಡ್ಜ್ ಅಂಟಿಸಿದ್ದು. ಸೈಕಲಿಗೆ ಪ್ಲೇಯರ್ ವರ್ಷನ್ನೇ ಒಳ್ಳೆದು, ಕಾರಣ ಎರಡು. ಒಂದು, ಗಾಳಿಗೆ ಪಟಪಟ ಹೊಡ್ಕೊಳ್ಳುದಿಲ್ಲ. ಇನ್ನೊಂದು ಯಾರೂ ಬಾಯಿಬಿಟ್ಟು ಹೇಳುದಿಲ್ಲ, ನಾನು ಹೇಳ್ತೇನೆ, ಹೊಲಿದ ಬ್ಯಾಡ್ಜಿನ ಹಿಂಬದಿಯ ಗಡುಸು ಪಟ್ಟಿ ಎಡಬದಿಯ ಮೊಲೆತೊಟ್ಟಿಗೆ ಉಜ್ಜಿ ಉಜ್ಜಿ ಎರಡು ಗಂಟೆಯಲ್ಲಿ ರಕ್ತ ಬರಿಸ್ತದೆ. ಇರುದು ಫ್ಯಾನ್ ವರ್ಷನ್ನೇ ಆದ್ರೆ ಹೊರಡುವ ಮೊದಲು ಅಲ್ಲಿ ವ್ಯಾಸಲಿನ್ ಹಚ್ಚಿ, ಲಾಂಗ್ ರೈಡಿಗೆ ಒಂದು ಬ್ಯಾಂಡೇಜ್ ಪಟ್ಟಿ ಹಾಕಿ.

ಬೆನ್ನಿನ ನಂಬರ್ ಮತ್ತೆ ಹೆಸರು ದೊಡ್ಡ ತಾಪತ್ರಯ. ಆ ರಬ್ಬರ್ ಪ್ರಿಂಟ್ ಇರುವಷ್ಟು ಜಾಗದಲ್ಲಿ ಗಾಳಿ ಬಂದ್, ರೈಡ್ ಮುಗಿಸಿ ಬಂದು ಜೆರ್ಸಿ ಬಿಚ್ಚಿದ್ರೆ ಬೆನ್ನಲ್ಲಿ 10 ಅಂತ ಕೆಂಪು ಕೆಂಪು ಅಚ್ಚು ಕಾಣ್ತದೆ, ಬೇಸಗೆಯಲ್ಲಿ ಅಲ್ಲೇ ಬೆವರುಸಾಲೆ ಏಳುದು. ಅದರ ಮೇಲೆ ಬ್ಯಾಗ್ ಹಾಕಿದ್ರಂತೂ ಎರಡು ತಿಂಗಳಲ್ಲಿ ಹೆಸರಿನ ಅಕ್ಷರಗಳು ಸಿಪ್ಪೆ ಏಳ್ತವೆ. ಹಾಗಾಗಿ ಹೊಸತು ತಗೊಳ್ಳುವವರು ಹೆಸರು ನಂಬರ್ ಇಲ್ಲದ್ದು ತಗೊಳ್ಳಿ, ಎಷ್ಟೇ ಪ್ರೀತಿಯ ಆಟಗಾರ ಆಗ್ಲಿ. ಸೆವೆನ್ಸ್ ಟೀಮಿಗೆ ಮಾಡಿಸುವ ಜೆರ್ಸಿಗಳಲ್ಲಿ ಬಟ್ಟೆಗೇ ಬಣ್ಣ ಇಳಿಸಿದ ಸಬ್ಲಿಮೇಷನ್ ಪ್ರಿಂಟ್ ಇರ್ತದಲ್ಲ, ಅದಕ್ಕೆ ಈ ತೊಂದರೆ ಇಲ್ಲ, ಅಗ್ಗದ್ದಾದ್ರೂ ಸೈಕಲಿಗೆ ಅದು ಎಷ್ಟೋ ವಾಸಿ.

ಸೈಜ್ ನೋಡುದು ಹೇಗೆ ಅಂದ್ರೆ ಕನ್ನಡಿ ಎದುರು ನೆಟ್ಟಗೆ ನಿಂತು ಅಲ್ಲ. ಜೆರ್ಸಿ ಹಾಕಿ ಅಂಗಡಿಯ ಮೇಜಿಗೆ ಎರಡೂ ಕೈ ಊರಿ ಬಗ್ಗಿ, ಹ್ಯಾಂಡಲ್ ಹಿಡಿದ ಹಾಗೆ, ಜೊತೆಗೆ ಬಂದವರತ್ರ ಸೊಂಟ ಕಾಣ್ತದಾ ಅಂತ ಕೇಳಿ. ಸೈಕಲ್ ಜೆರ್ಸಿಯನ್ನು ಹಿಂದೆ ಉದ್ದ ಮುಂದೆ ಗಿಡ್ಡ ಹೊಲಿದಿರ್ತಾರೆ, ಫುಟ್ಬಾಲಿಂದು ನಿಂತು ಓಡುವವರಿಗೆ ಹೊಲಿದದ್ದು, ಬಗ್ಗಿದ್ರೆ ಹಿಂದೆ ಮೇಲೆ ಹೋಗ್ತದೆ ಮುಂದೆ ಜೋತು ಬೀಳ್ತದೆ. ಎರಡು ಸೈಜ್ ದೊಡ್ಡದು ತಗೊಂಡ್ರೆ ಸರಿ ಆಗ್ತದೆ ಅಂತ ಅಂದಾಜು ಮಾಡ್ಬೇಡಿ, ಆಗ ಹೊಟ್ಟೆಯ ಹತ್ರ ಗಾಳಿ ತುಂಬಿ ಕೊಡೆ ಹಾಗೆ ಉಬ್ಬುದು, ಬೇಕಲದ ಕಡೆ ಎದುರುಗಾಳಿಗೆ ಹೋದವರಿಗೆ ಗೊತ್ತು. ನಿಮ್ಮ ಸರಿಯಾದ ಸೈಜೇ ಇರ್ಲಿ, ಸೊಂಟ ಕಂಡ್ರೆ ಕೆಳಗೆ ಹಾಕುವ ಚಡ್ಡಿ ಸ್ವಲ್ಪ ಎತ್ತರದ್ದು ಹಾಕಿ, ಅಷ್ಟೇ.

ಇನ್ನು ಕಿಸೆ. ಸೈಕಲ್ ಜೆರ್ಸಿಯ ಹಿಂದೆ ಮೂರು ಕಿಸೆ ಇರ್ತದೆ, ಫುಟ್ಬಾಲಿಂದರಲ್ಲಿ ಒಂದೂ ಇಲ್ಲ. ನಾನು ಒಂದು ಹಳೆ ಜೆರ್ಸಿ ಹಿಡ್ಕೊಂಡು ಬದಿಯಡ್ಕದ ಟೈಲರತ್ರ ಹೋದೆ, ಅವರು ಬಟ್ಟೆಯನ್ನು ಎರಡು ಬೆರಳಲ್ಲಿ ಎಳೆದು ನೋಡಿ "ಇದಕ್ಕೆ ಹಾಗೇ ಕಿಸೆ ಇಟ್ರೆ ಮೊಬೈಲ್ ಹಾಕಿದ ಕೂಡ್ಲೆ ತೊಡೆಯವರೆಗೆ ಜೋಲ್ತದೆ ಮಾರಾಯ್ರೆ, ಒಳಗಿಂದ ಒಂದು ಪಟ್ಟಿ ಕೊಡ್ಬೇಕು" ಅಂತ ಹೇಳಿದ್ರು. ಸರಿಯಾದ ಮಾತು. ಸೊಂಟದ ಮೇಲೆ ಅಡ್ಡಕ್ಕೆ ನಾಲ್ಕು ಬೆರಳು ಅಗಲದ, ಎಳೆದ್ರೂ ಹಿಗ್ಗದ ಬಟ್ಟೆಯ ಪಟ್ಟಿ ಒಳಗಿಂದ, ಅದರ ಮೇಲೆ ಹೊರಗಿಂದ ಕಿಸೆ, ಕಿಸೆಯ ಬಾಯಿಗೆ ಇಲಾಸ್ಟಿಕ್, ಕೆಳಗಿನ ಅಂಚಿಗೂ ಸಣ್ಣ ಇಲಾಸ್ಟಿಕ್. ಕಿಸೆಯ ಬಟ್ಟೆ ಇನ್ನೊಂದು ಹರಿದ ಜೆರ್ಸಿಯದ್ದು. ಮೂರು ಬೇಡ, ಎರಡು ಸಾಕು, ಒಂದರಲ್ಲಿ ಪ್ಲಾಸ್ಟಿಕ್ ಕವರಲ್ಲಿ ಸುತ್ತಿದ ಮೊಬೈಲು, ಇನ್ನೊಂದರಲ್ಲಿ ಎರಡು ಕದಳಿ ಬಾಳೆಹಣ್ಣು. ಪಂಪು, ಟ್ಯೂಬು, ಸ್ಪ್ಯಾನರ್ ಎಲ್ಲ ಸೀಟಿನ ಅಡಿಯ ಬ್ಯಾಗಿಗೆ. ಕುತ್ತಿಗೆಗೆ ಜಿಪ್ ಇಡಿಸುವ ಆಲೋಚನೆ ಬೇಡ, ತೆಳು ಬಟ್ಟೆ ನೆರಿಗೆ ಬಿದ್ದು ಹಾಳಾಗ್ತದೆ.

ಸೊಂಟದಿಂದ ಕೆಳಗೆ ಮಾತ್ರ ಫುಟ್ಬಾಲನ್ನು ನಂಬ್ಬೇಡಿ. ಫುಟ್ಬಾಲ್ ಚಡ್ಡಿಯಲ್ಲಿ ಪ್ಯಾಡ್ ಇಲ್ಲ, ಅಗಲ ಕಾಲಿನದ್ದಾದ್ರೆ ಏರಲ್ಲಿ ಎದ್ದು ನಿಂತು ತುಳಿದು ಪುನಃ ಕೂರುವಾಗ ಸೀಟಿನ ಮೂತಿಗೆ ಸಿಕ್ಕಿಹಾಕ್ಕೊಳ್ತದೆ, ನಾನು ಹಾಗೆ ಬಿದ್ದು ಮೊಣಕೈ ಚರ್ಮ ಕಿತ್ತುಹೋಗಿದೆ. ಪ್ಯಾಡ್ ಇರುವ ಸೈಕಲ್ ಶಾರ್ಟ್ಸ್ ಒಂದು ತಗೊಳ್ಳಿ, ಅದರೊಳಗೆ ಬೇರೆ ಒಳಚಡ್ಡಿ ಹಾಕ್ಬಾರ್ದು, ಅದರ ಹೊಲಿಗೆಯೇ ತೊಡೆ ಉಜ್ಜುದು. ನಾಚಿಕೆ ಆದ್ರೆ ಮೇಲಿಂದ ಕಾಲು ಬಿಗಿ ಇರುವ ಫುಟ್ಬಾಲ್ ಚಡ್ಡಿ. ಸ್ಟಡ್ ಇರುವ ಬೂಟು ಪೆಡಲಲ್ಲಿ ಜಾರ್ತದೆ, ಚಪ್ಪಟೆ ಅಡಿಯ ಫುಟ್ಸಾಲ್ (ಒಳಾಂಗಣ ಫುಟ್ಬಾಲ್) ಶೂ ಆದೀತು. ಗೋಲ್‌ಕೀಪರನ ಕೈಗ್ಲೌಸ್ ದಪ್ಪ, ಬ್ರೇಕ್ ಹಿಡಿಲಿಕ್ಕೆ ಆಗುದಿಲ್ಲ. ಗೋಲ್‌ಕೀಪರನ ಉದ್ದ ಕೈ ಜೆರ್ಸಿ ಮಾತ್ರ ಮಾರ್ಚ್ ಏಪ್ರಿಲ್ ಬಿಸಿಲಿಗೆ ಭಾರಿ ಒಳ್ಳೆದು, ಮೊಣಕೈಯಲ್ಲಿ ಪ್ಯಾಡ್ ಇಲ್ಲದ್ದು ನೋಡಿ ತಗೊಳ್ಳಿ.

ಬಣ್ಣದ ವಿಷಯದಲ್ಲಿ ಬ್ರೆಜಿಲ್ ಫ್ಯಾನುಗಳು ಪುಣ್ಯವಂತರು. 1950ರ ವರ್ಲ್ಡ್ ಕಪ್ಪಲ್ಲಿ ಬಿಳಿ ಜೆರ್ಸಿಯಲ್ಲಿ ಸೋತ ಮೇಲೆ ಹೊಸ ಜೆರ್ಸಿಗೆ ಇಟ್ಟ 1953ರ ಸ್ಪರ್ಧೆಯಲ್ಲಿ ಆಲ್ದಿರ್ ಶ್ಲೀ ಅನ್ನುವ ಹುಡುಗ ಬಿಡಿಸಿದ ಹಳದಿ ಅದು, ಟೂರ್ ದ ಫ್ರಾನ್ಸ್ ಸೈಕಲ್ ರೇಸಲ್ಲಿ ಮುಂದೆ ಇರುವವನಿಗೆ 1919ರಿಂದ ಕೊಡುದೂ ಹಳದಿಯೇ. ಜೂನ್ ಜುಲೈಯ ಮಳೆಯಲ್ಲಿ ಕೆಂಪುಕಲ್ಲಿನ ಲಾರಿಯವನಿಗೆ ದೂರದಿಂದ ಕಾಣುದು ಹಳದಿ, ಕಿತ್ತಳೆ ಅಂಥದ್ದೇ. ಕಪ್ಪು, ಕಡುನೀಲಿ ಅವೇ ಜೆರ್ಸಿ ಬೆಳಗ್ಗಿನ ಕತ್ತಲೆಗೆ ಹಾಕ್ಲೇಬೇಡಿ, ಬೇರೆ ಇಲ್ಲದಿದ್ರೆ ಬೆಳಕಿಗೆ ಹೊಳೆಯುವ ಪಟ್ಟಿ ಹಿಂದಿನ ಅಂಚಿಗೂ ಎರಡೂ ತೋಳಿಗೂ ಹೊಲಿಸಿ, ಜೊತೆಗೆ ಹಿಂದೆ ಕೆಂಪು ಲೈಟು.

ಮಡ್‌ಗಾರ್ಡ್ ಇಲ್ಲದ ಸೈಕಲಲ್ಲಿ ಮಳೆಗೆ ಹೋದ್ರೆ ಹಿಂದಿನ ಚಕ್ರ ಎರಚಿದ ಕೆಂಪುನೀರು ಸೊಂಟದಿಂದ ಕುತ್ತಿಗೆಯವರೆಗೆ ನೆಟ್ಟಗೆ ಒಂದು ಗೆರೆ ಎಳೆಯುದು. ನನ್ನ ಬಿಳಿ ಜೆರ್ಸಿ ನೋಡಿ ಅಮ್ಮ "ಎಂತ ಮಗಾ ಇದು, ಗದ್ದೆ ಉತ್ತು ಬಂದದ್ದಾ" ಅಂತ ಕೇಳಿದ್ದುಂಟು. ಆ ಮಣ್ಣು ಒಣಗುವ ಮೊದಲೇ ಒಳಮೈ ಹೊರಗೆ ಮಾಡಿ ಬರೀ ತಣ್ಣೀರಲ್ಲಿ ಜಾಲಾಡಿ, ಆಮೇಲೆ ಸಾಬೂನು. ಕಂಫರ್ಟ್ ಥರದ ಸಾಫ್ಟನರ್ ಹಾಕ್ಬೇಡಿ, ನೂಲಿಗೆ ಪದರ ಹಿಡಿದು ಬೆವರು ಆರುವ ಗುಣವೇ ಹೋಗ್ತದೆ. ವಾಸನೆ ಬಿಡದಿದ್ರೆ ಅರ್ಧ ಬಾಲ್ದಿ ನೀರಿಗೆ ಒಂದು ಕುಡ್ತೆ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ. ಒದ್ದೆ ಜೆರ್ಸಿ ಬ್ಯಾಗಲ್ಲಿ ಒಂದು ರಾತ್ರಿ ಇಟ್ರೂ ಮಳೆಗಾಲದಲ್ಲಿ ಬೂಸ್ಟು ವಾಸನೆ ಬರ್ತದೆ, ಹಿಂಡದೆ ಫ್ಯಾನಿನ ಅಡಿ ಹರಡಿ, ಬೆಳಗ್ಗೆಗೆ ಒಣಗಿರ್ತದೆ. ಇಸ್ತ್ರಿ ಹಾಕ್ಲೇಬಾರ್ದು, ನನ್ನ ಹತ್ತನೇ ನಂಬರಿನ ಸೊನ್ನೆ ಈಗಲೂ ಮನೆಯ ಇಸ್ತ್ರಿಪೆಟ್ಟಿಗೆಯ ಅಡಿಯಲ್ಲಿ ಅಂಟಿಕೊಂಡು ಉಂಟು.