ತೊಲೆಗೆ ಯಾವ ಮರ? ನೀರಿನ ಕ್ಯಾನ್ ತೂಗುಹಾಕಿ ನೋಡಿದೆ

ತಾರಸಿ ಮೇಲೆ ಮಂಗಳೂರು ಹೆಂಚಿನ ಮಾಡು ಹಾಕಿಸಲು ಹೊರಟಾಗ ತೊಲೆಗೆ ಯಾವ ಮರ ಅನ್ನೋದೇ ತಲೆನೋವಾಯಿತು. ನಾನು ತೇಗವೇ ಬೇಕು ಅಂತಿದ್ದೆ. ಆಚಾರ್ರು ನಕ್ಕರು. "ತೇಗ ಬಾಗಿಲಿಗೆ ಇಟ್ಕೊಳ್ಳಿ ಸಾರ್, ಭಾರ ಹೊರೋಕೆ ಸಾಲ್ ಮರ ತಗೊಳ್ಳಿ." ಮೈಸೂರು ರಸ್ತೆಯ ಟಿಂಬರ್ ಅಂಗಡಿಗಳಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಸರಿ, ನಾನೇ ನೋಡೋಣ ಅಂತ ಸಾಲ್, ಹೊನ್ನೆ, ತೇಗ, ಹಲಸು, ಸಿಲ್ವರ್ ಓಕ್ ಐದರಲ್ಲೂ ಒಂದಿಂಚು ಚೌಕದ ಪಟ್ಟಿ ಸೀಳಿಸಿಕೊಂಡು ಬಂದೆ.

ಎರಡು ಕಡೆ ಸಿಮೆಂಟ್ ಬ್ಲಾಕ್ ಪೇರಿಸಿ, ನಡುವೆ 3 ಅಡಿ ಜಾಗ ಬಿಟ್ಟು, ಪಟ್ಟಿಯ ಮಧ್ಯಕ್ಕೆ 20 ಲೀಟರ್ ನೀರಿನ ಕ್ಯಾನ್ ತೂಗುಹಾಕಿದೆ. ಸಾಲ್ 7 ಮಿಲಿಮೀಟರ್ ಬಾಗಿತು, ಹೊನ್ನೆ 8, ತೇಗ 9, ಹಲಸು 11, ಸಿಲ್ವರ್ ಓಕ್ 13. ಮನೆ ಅಂಗಳದ ಲೆಕ್ಕ ಇದು, ಲ್ಯಾಬ್‌ದಲ್ಲ. ಆದರೂ ಕಟ್ಟಡದ ಮರಕ್ಕಿರುವ ಭಾರತೀಯ ಮಾನಕ ಐಎಸ್ 883ರಲ್ಲಿ ಸಾಲ್ ಕಡಿಮೆ ಬಾಗುವ ಎ ಗುಂಪು, ತೇಗ ಅದರ ಕೆಳಗಿನ ಬಿ ಗುಂಪು, ಅಂದರೆ ಆಚಾರ್ರ ಮಾತೇ ನಿಜ. ತೇಗದ ಹೆಚ್ಚುಗಾರಿಕೆ ಬೇರೆ: ತಿರುಚೋದಿಲ್ಲ, ಗೆದ್ದಲು ಸುಲಭಕ್ಕೆ ಮುಟ್ಟೋದಿಲ್ಲ. ಅದೂ ಒಳಗಿನ ಗಟ್ಟಿ ತಿರುಳು, ಅಂದರೆ ಚೇಗಿನ ಭಾಗಕ್ಕೆ ಮಾತ್ರ, ಅಂಚಿನ ಬಿಳಿ ಭಾಗಕ್ಕಲ್ಲ. (ಅಂಗಡಿಯಲ್ಲಿ ಮಲೇಷಿಯನ್ ಸಾಲ್ ಅಂತ ಕೊಟ್ಟರೆ ಅದು ನಮ್ಮ ದೇಶದ ಸಾಲ್ ಅಲ್ಲ, ಬೇರೆಯೇ ಮರ.)

ನನಗೆ ಆಶ್ಚರ್ಯವಾಗಿದ್ದು ಇದಾದ ಮೇಲೆ. ಎರಡಿಂಚು ಅಗಲ, ಒಂದಿಂಚು ದಪ್ಪದ ತೇಗದ ತುಂಡು ಮಲಗಿಸಿದಾಗ 4 ಮಿಲಿಮೀಟರ್‌ಗಿಂತ ಜಾಸ್ತಿ ಬಾಗಿತ್ತು, ಅದನ್ನೇ ಅಂಚಿನ ಮೇಲೆ ನಿಲ್ಲಿಸಿದರೆ ಒಂದೇ ಮಿಲಿಮೀಟರ್! ಮರದ ಜಾತಿ ಬದಲಿಸಿದ್ದಕ್ಕಿಂತ ಮರ ನಿಲ್ಲಿಸಿದ್ದೇ ಜಾಸ್ತಿ ಕೆಲಸ ಮಾಡಿತು, ಅಲ್ವಾ? ಹಲಸಿನ ಪಟ್ಟಿಯಲ್ಲೊಂದು ಗಂಟಿತ್ತು. ಅದನ್ನು ಕೆಳಮುಖ ಮಾಡಿ ಇನ್ನೊಂದು ಕ್ಯಾನ್ ಸೇರಿಸಿದ್ದೇ ತಡ, ಗಂಟಿನ ಹತ್ತಿರವೇ ಚಟ್ ಅಂತ ಸೀಳಿತು. ಸಿಲ್ವರ್ ಓಕ್ ಸರಿಯಾಗಿ ಒಣಗಿರಲಿಲ್ಲ. ರಾತ್ರಿಯಿಡೀ ಭಾರ ಬಿಟ್ಟು ಬೆಳಿಗ್ಗೆ ತೆಗೆದರೆ ಬಾಗಿದ ಹಾಗೇ ಉಳಿದಿತ್ತು.

ಕೊನೆಗೆ ತೊಲೆಗೆ ಒಣಗಿದ ಸಾಲ್ ತಂದು, ಎತ್ತರ ಜಾಸ್ತಿ ಇರುವಂತೆ 3ಕ್ಕೆ 5 ಇಂಚು ಕೊಯ್ಸಿದೆ. ಬಾಗಿಲ ಚೌಕಟ್ಟಿಗಷ್ಟೇ ತೇಗ. ಒಂದು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ: ಸಾಲ್‌ಗೆ ಸುಮ್ನೆ ಮೊಳೆ ಹೊಡೆಯಲು ಹೋದರೆ ಮೊಳೆಯೇ ಬಗ್ಗುತ್ತದೆ. ಪ್ರತಿ ರೀಪಿಗೂ ಮೊದಲು ಡ್ರಿಲ್ ಹಾಕಬೇಕಾಯಿತು, ಎರಡು ದಿನದ ಕೂಲಿ ಜಾಸ್ತಿಯಾಯಿತು, ಆಚಾರ್ರ ಗೊಣಗಾಟ ಬೇರೆ.