ಆ ಮೂರು ಎಲ್ಲಿಂದ ಬಂತು?

ಫ್ಯಾಮಿಲಿ ಮೆಡಿಸಿನ್‌ನಲ್ಲಿ ಡಿಎನ್‌ಬಿಗೆ, ಅಂದರೆ ಎಂಬಿಬಿಎಸ್ ಆದಮೇಲಿನ ಮೂರು ವರ್ಷದ ಕೋರ್ಸಿಗೆ, ಸೇರಿದಾಗ ಥೀಸಿಸ್ ಅಂದರೆ ಮೂರನೇ ವರ್ಷದ ತಲೆನೋವು ಅಂದುಕೊಂಡಿದ್ದೆ. ಸೇರಿ ಕೆಲವೇ ವಾರಕ್ಕೆ ಪ್ರೋಟೋಕಾಲ್ (ಅಧ್ಯಯನ ಹೇಗೆ ಮಾಡುತ್ತೇವೆ ಅನ್ನುವ ಯೋಜನೆ) ಎಲ್ಲಿ ಅಂದರು. ನನ್ನ ಗೈಡ್ ಒಳ್ಳೆಯವರೇ. ಆದರೆ ಅವರ ಒಪಿಡಿ ಮುಗಿಯುವುದೇ ಮಧ್ಯಾಹ್ನ ಮೂರಕ್ಕೆ. ಊಟಕ್ಕೆ ಹೊರಟವರನ್ನು ಅಡ್ಡಗಟ್ಟಿ ‘ಸರ್, ಸ್ಯಾಂಪಲ್ ಸೈಜ್ ಹೇಗೆ ಹಾಕೋದು’, ಅಂದರೆ ಎಷ್ಟು ರೋಗಿಗಳು ಬೇಕು ಅಂತ ಕೇಳುವ ಧೈರ್ಯ ನನಗಿರಲಿಲ್ಲ.

ಬಿಪಿ ಮಾತ್ರೆ ತಪ್ಪಿಸುವವರ ಬಗ್ಗೆ ನನ್ನ ಅಧ್ಯಯನ. ನೂರಕ್ಕೆ 30 ಮಂದಿ ತಪ್ಪಿಸುತ್ತಾರೆ ಅಂತ ಇಟ್ಟುಕೊಂಡು, ಸ್ಯಾಂಪಲ್ ಸೈಜಿನ ಸೂತ್ರದಂತೆ 4 × 30 × 70, ಅದನ್ನು 9ರಿಂದ ಭಾಗಿಸಿದೆ. 933 ರೋಗಿಗಳು! ರಾತ್ರಿಯೆಲ್ಲ ನಿದ್ದೆ ಇಲ್ಲ. ಮಾರನೇ ದಿನ ಕ್ಯಾಂಟೀನಿನಲ್ಲಿ ಒಂದು ವರ್ಷದ ಸೀನಿಯರ್ ಹಾಳೆ ನೋಡಿ ಕೇಳಿದ್ದು ಒಂದೇ ಮಾತು: “ಒಂಬತ್ತು ಅಂದ್ರೆ ಮೂರರ ವರ್ಗ. ಆ ಮೂರು ಎಲ್ಲಿಂದ ಬಂತು?” ಉತ್ತರ ಎಷ್ಟು ಅತ್ತಿತ್ತ ಆದರೆ ನಡೆಯುತ್ತದೆ ಅನ್ನುವ ಮಿತಿ, ಮೂವತ್ತರಲ್ಲಿ ಹತ್ತು ಪರ್ಸೆಂಟ್ ಅಂದೆ. ಅಷ್ಟು ನಿಖರತೆ ನಿನ್ನ ಪ್ರಶ್ನೆಗೆ ಬೇಕಾ, ಅತ್ತಿತ್ತ ಐದು ಇದ್ದರೆ ಸಾಲದಾ ಅಂದರು. ಐದರ ವರ್ಗ 25ರಿಂದ ಭಾಗಿಸಿದರೆ 336. ವರ್ಷದಲ್ಲಿ ಮುಗಿಯುವ ಲೆಕ್ಕ. ಹಿಂದಿನ ವರ್ಷ ಅವರೂ ಅಲ್ಲೇ ಎಡವಿದ್ದರಂತೆ.

ಅಲ್ಲಿಂದ ಬುಧವಾರ ಸಂಜೆ ನಾವು ನಾಲ್ಕು ಜನ ಕೂರತೊಡಗಿದೆವು. ತಮ್ಮ ಥೀಸಿಸ್‌ನದು ಒಬ್ಬರಿಗೆ ಒಂದೇ ಹಾಳೆ, ಗಟ್ಟಿಯಾಗಿ ಓದಬೇಕು, ಸ್ಲೈಡು ತರುವಂತಿಲ್ಲ. ಡ್ಯೂಟಿಯಿಂದಾಗಿ ಎಷ್ಟೋ ಬುಧವಾರ ಇಬ್ಬರೇ ಇರುತ್ತಿದ್ದೆವು.

ಮುಂದಿನ ವರ್ಷ ನಾನೇ ಸೀನಿಯರ್. ಜೂನಿಯರ್ ಹುಡುಗಿಯದು ಶುಗರ್ ಮಾತ್ರೆಯ ವಿಷಯ. ಪ್ರಶ್ನಾವಳಿಯನ್ನು ಒಬ್ಬರು ಕನ್ನಡಕ್ಕೆ ತಂದು, ಮೂಲ ನೋಡದ ಇನ್ನೊಬ್ಬರು ವಾಪಸ್ ಇಂಗ್ಲಿಷಿಗೆ ಮಾಡಬೇಕು ಅಂತ ಹೇಳಿಕೊಟ್ಟೆ. ‘ವೈದ್ಯರು ಸೂಚಿಸಿದ ಔಷಧಿಯನ್ನು ನಿಯಮಿತವಾಗಿ ಸೇವಿಸುತ್ತೀರಾ?’ ವಾಪಸ್ ಬಂದಾಗ ಅಕ್ಷರಕ್ಕಕ್ಷರ ಸರಿಯಿತ್ತು. ಇಬ್ಬರೂ ಬೀಗಿದೆವು.

ಒಂದು ಮಂಗಳವಾರ, ಪ್ರಶ್ನಾವಳಿಯನ್ನು ಮೊದಲು ಕೆಲವರ ಮೇಲೆ ಪರೀಕ್ಷಿಸುವ ಪೈಲಟ್‌ನ ಮೊದಲ ಅಜ್ಜಿ. “ಹೂಂ ಕಣವ್ವ, ತಪ್ಸೋದೇ ಇಲ್ಲ.” ಇವಳು ‘ಹೌದು’ಗೆ ಟಿಕ್ ಹಾಕಿ, ಅಜ್ಜಿ ಏಳುವಾಗ ಸುಮ್ಮನೆ ಕೇಳಿದ್ದಾಳೆ: “ನಿನ್ನೆ ರಾತ್ರಿದು ತಗೊಂಡ್ರಾ?”

“ನಿನ್ನೆ ಸ್ವಾಮಾರ ಅಲ್ವೇನವ್ವ, ಒಪ್ಪತ್ತು. ಊಟ ಆದ್ಮೇಲೆ ಅಂತ ತಾನೇ ನೀವು ಬರ್ಕೊಟ್ಟಿರೋದು?”

ಆ ಬುಧವಾರ ಬೇರೆ ಹಾಳೆ ಓದಲೇ ಇಲ್ಲ. ಇದು ತಪ್ಪಿಸಿದ ಲೆಕ್ಕವೋ ಅಲ್ಲವೋ? ಅಜ್ಜಿಯ ಶುಗರ್ ಮಾತ್ರೆ ಗ್ಲಿಮೆಪಿರೈಡ್ ಆಗಿದ್ದರೆ, ಊಟವಿಲ್ಲದೆ ನುಂಗಿದರೆ ಶುಗರ್ ಪಾತಾಳಕ್ಕೆ ಇಳಿಯಬಹುದು. ಅಜ್ಜಿ ಮಾಡಿದ್ದೇ ಸರಿ. ಬರೀ ಮೆಟ್‌ಫಾರ್ಮಿನ್ ಆದರೆ ಶುಗರ್ ಸಾಮಾನ್ಯವಾಗಿ ಹಾಗೆ ಇಳಿಯುವುದಿಲ್ಲ, ಮಾತು ಬೇರೆ. ಕೊನೆಗೆ ಪ್ರಶ್ನೆ ಹೀಗಾಯಿತು: ‘ಹೋದ ಏಳು ದಿನದಲ್ಲಿ ಯಾವ್ಯಾವ ದಿನ ಮಾತ್ರೆ ತಗೊಳ್ಳಲಿಲ್ಲ? ಯಾಕೆ?’ ಜೊತೆಗೆ ಒಪ್ಪತ್ತು-ಉಪವಾಸಕ್ಕೆ ಬೇರೆಯೇ ಕಾಲಂ. ಹಳ್ಳಿಮನೆಯಲ್ಲಿ ಬೆಳೆದ ಅವಳಿಗೆ ಇದು ಹೊಳೆಯಿತು. ಸೀನಿಯರ್ ಅನಿಸಿಕೊಂಡ ನನಗಲ್ಲ.

“ನಾಳೆಯಿಂದಲೇ ಹೊಸದು ಶುರು ಮಾಡು” ಅಂತ ಹುಮ್ಮಸ್ಸಿನಲ್ಲಿ ಹೇಳಿಬಿಟ್ಟೆ. ಪುಣ್ಯಕ್ಕೆ ಅವಳು ಗೈಡ್‌ಗೆ ತೋರಿಸಿದಳು. ರೋಗಿಗಳ ಮೇಲಿನ ಅಧ್ಯಯನಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿ ಒಪ್ಪಿದ ಪ್ರಶ್ನಾವಳಿಯಲ್ಲಿ ಒಂದು ಗೆರೆ ಬದಲಾದರೂ ತಿದ್ದುಪಡಿಗೆ ಅರ್ಜಿ ಹಾಕಬೇಕು ಅಂದರು. ನನ್ನ ಥೀಸಿಸ್‌ನಲ್ಲಿ ಆ ಪ್ರಸಂಗ ಬಂದಿರಲಿಲ್ಲ, ಹಾಗಾಗಿ ಗೊತ್ತೇ ಇರಲಿಲ್ಲ. ಅರ್ಜಿಯನ್ನು ಇಬ್ಬರೂ ಕೂತು ಬರೆದೆವು. ಒಪ್ಪಿಗೆ ಬರಲು ಮೂರು ವಾರ ಹಿಡಿಯಿತು. ಅಷ್ಟರಲ್ಲಿ ಅವಳು ಎಕ್ಸೆಲ್‌ನಲ್ಲಿ ‘62 ವರ್ಷ’ ಅಂತಿದ್ದದ್ದನ್ನೆಲ್ಲ, ಲೆಕ್ಕ ಮಾಡಲು ಬರಲಿ ಅಂತ, ಬರೀ 62 ಮಾಡಿ ಮುಗಿಸಿದ್ದಳು.