ನ್ಯೂಬೆರಿ ಜ್ವಾಲಾಮುಖಿಯ ಹಳೇ ಮ್ಯಾಪಿಗೆ ನೆರಳು ಕೂರಿಸಿದ್ದು: ನನ್ನ ಅನುಭವ

ಅಮೆರಿಕದ ಒರೆಗಾನ್‌ನಲ್ಲಿ, ಕ್ಯಾಸ್ಕೇಡ್ ಬೆಟ್ಟಸಾಲಿನ ಪೂರ್ವಕ್ಕೆ, ಮಳೆ ಕಮ್ಮಿ ಇರೋ ಎತ್ತರದ ಒಣನೆಲದ ಅಂಚಲ್ಲಿ ನ್ಯೂಬೆರಿ ಅನ್ನೋ ಜ್ವಾಲಾಮುಖಿ ಇದೆ. ಅದರ ಹಳೇ ಯುಎಸ್‌ಜಿಎಸ್ (ಅಮೆರಿಕ ಸರ್ಕಾರದ ಭೂವಿಜ್ಞಾನ ಸಮೀಕ್ಷೆ ಸಂಸ್ಥೆ) ಮ್ಯಾಪ್ ಮೇಲೆ ಬೆಟ್ಟಗುಡ್ಡದ ನೆರಳು ಕೂರಿಸಿ ಪ್ರಿಂಟ್ ತೆಗೆದೆ, ಹೇಗೆ ಅಂತ ಬರೀತೀನಿ.

ಮ್ಯಾಪ್ ಸಿಗೋದು ಸುಲಭ. ಯುಎಸ್‌ಜಿಎಸ್‌ನ ಟೋಪೋವ್ಯೂ ವೆಬ್‌ಸೈಟಲ್ಲಿ 1880ರ ದಶಕದಿಂದ ಈಚಿನ ಶೀಟ್‌ಗಳು ಫ್ರೀಯಾಗಿ ಸಿಗುತ್ತೆ, ಜಿಯೋಟಿಫ್ ಇಳಿಸ್ಕೊಂಡ್ರೆ ಭೂಮಿ ಮೇಲೆ ಅದು ಎಲ್ಲಿ ಕೂರಬೇಕು ಅನ್ನೋದು ಫೈಲ್ ಒಳಗೇ ಇರುತ್ತೆ. ನೆರಳು ಮೂಡಿಸೋಕೆ ಬೇಕಾದ ಎತ್ತರದ ಡೇಟಾನೂ ಅವರದ್ದೇ, ಸುಮಾರು 10 ಮೀಟರಿಗೊಂದು ಅಳತೆ ಇರೋದು ಸಾಕು. ಎರಡನ್ನೂ ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರಲ್ಲಿ ಯುಟಿಎಂ ಝೋನ್ 10 ಅನ್ನೋ ಒಂದೇ ಅಳತೆ ಚೌಕಟ್ಟಿಗೆ ತಂದೆ. ಇಲ್ಲಿ ಒಂದು ಎಚ್ಚರ ಬೇಕು, ಹಳೇ ಶೀಟ್‌ಗಳು ಎನ್‌ಎಡಿ27 ಡೇಟಮ್ (ಜಾಗದ ಸ್ಥಾನ ಅಳೆಯೋಕೆ ಹಿಡಿಯೋ ಆಧಾರ), ಹೊಸ ಡೇಟಾ ಎನ್‌ಎಡಿ83, ಆ ಕಡೆ ಇವೆರಡಕ್ಕೂ 100 ಮೀಟರ್ ಹತ್ತಿರ ವ್ಯತ್ಯಾಸ ಬರುತ್ತೆ, ಅದನ್ನ ಸರಿಯಾಗಿ ಬದಲಾಯಿಸದೇ ಇದ್ರೆ ನೆರಳೆಲ್ಲ ಪಕ್ಕಕ್ಕೆ ಜಾರುತ್ತೆ. ಜ್ವಾಲಾಮುಖಿಯ ಬಾಯೊಳಗಿರೋ ಪೌಲೀನಾ ಲೇಕ್, ಈಸ್ಟ್ ಲೇಕ್ ಎರಡರ ದಡ ಕೂತಿದ್ಯಾ ನೋಡಿದ್ರೆ ಗೊತ್ತಾಗಿಬಿಡುತ್ತೆ.

ನಿಜವಾಗ್ಲೂ ತಲೆ ಕೆಡಿಸ್ಕೊಳ್ಳಬೇಕಾದ್ದು ಎತ್ತರವನ್ನ ಎಷ್ಟು ಪಟ್ಟು ಹಿಗ್ಗಿಸಬೇಕು ಅನ್ನೋದು. ನ್ಯೂಬೆರಿ ಚೂಪು ಶಿಖರ ಅಲ್ಲ, ಬೋರಲು ಹಾಕಿದ ತಟ್ಟೆ ಥರ ಅಗಲವಾಗಿ ಹರಡಿದೆ, ಹಿಗ್ಗಿಸದೇ ಬಿಟ್ರೆ ಬೆಟ್ಟ ಇದೆ ಅಂತಾನೇ ಕಾಣಲ್ಲ. ಆದ್ರೆ ಅದರ ಇಳಿಜಾರಿನ ತುಂಬ ನೂರಾರು ಸಣ್ಣ ಸಿಂಡರ್ ಕೋನ್‌ಗಳಿವೆ (ಚಿಮ್ಮಿದ ಲಾವಾ ಚೂರುಗಳು ರಾಶಿ ಬಿದ್ದು ಆದ ಗುಡ್ಡಗಳು), ಜಾಸ್ತಿ ಹಿಗ್ಗಿಸಿದ್ರೆ ಅವೆಲ್ಲ ಮೊಳೆ ಹೊಡೆದ ಹಾಗೆ ಎದ್ದು ನಿಲ್ತವೆ. ನಾನು ನೆರಳು ಮೂಡಿಸಿದ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರಲ್ಲಿ ಎರಡು ಪಟ್ಟಿಗೆ ನಿಲ್ಲಿಸಿದೆ, ಕೋನ್‌ಗಳ ಆಕಾರ ಕೆಡೋದಕ್ಕಿಂತ ಬೆಟ್ಟ ಸ್ವಲ್ಪ ತಗ್ಗಾಗಿ ಕಂಡ್ರೂ ಪರವಾಗಿಲ್ಲ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಈ ಜಾಗದ ಗುರುತೇ ಆ ಕೋನ್‌ಗಳು.

ಬೆಳಕು ವಾಯವ್ಯದಿಂದ ಬರಲಿ. ದಕ್ಷಿಣದಿಂದ ಬಿಟ್ರೆ ಕಣ್ಣಿಗೆ ಗುಂಡಿ ದಿಬ್ಬವಾಗಿ, ದಿಬ್ಬ ಗುಂಡಿಯಾಗಿ ಕಾಣುತ್ತೆ, ಕ್ರೇಟರ್ ತುಂಬಿರೋ ಮ್ಯಾಪಲ್ಲಿ ಅದು ಪೂರ್ತಿ ಗೊಂದಲ. ಹಳೇ ಮ್ಯಾಪ್ ಬರೆದವರು ಗುಂಡಿ ಅಂತ ತಿಳಿಸೋಕೆ ಕಾಂಟೂರ್ ಗೆರೆಯ (ಒಂದೇ ಎತ್ತರದ ಜಾಗಗಳನ್ನ ಸೇರಿಸೋ ಗೆರೆ) ಒಳಬದಿಗೆ ಸಣ್ಣ ಸಣ್ಣ ಕಡ್ಡಿ ಎಳೀತಿದ್ರು, ನೆರಳು ಆ ಕಡ್ಡಿಗಳ ಜೊತೆ ಒಪ್ಪಬೇಕು, ಒಂದೊಂದನ್ನೂ ಝೂಮ್ ಮಾಡಿ ನೋಡಿ.

ಕೊನೆಗೆ ನೆರಳಿನ ಲೇಯರನ್ನ ಮಲ್ಟಿಪ್ಲೈ ಮೋಡಲ್ಲಿ (ಕೆಳಗಿನ ಮ್ಯಾಪ್ ಕಾಣೋ ಹಾಗೆ ಬೆರೆಸೋದು) ಇಟ್ಟು, ಕಂದು ಕಾಂಟೂರ್ ಗೆರೆಗಳು ಓದೋಕಾಗೋ ಮಟ್ಟಕ್ಕೆ ತೆಳು ಮಾಡಿದೆ. ಸುಮಾರು 1,300 ವರ್ಷದ ಹಿಂದೆ ಹರಿದ ಬಿಗ್ ಅಬ್ಸಿಡಿಯನ್ ಫ್ಲೋ ಅನ್ನೋ ಗಾಜಿನಂಥ ಲಾವಾ ಹರಿವಿನ ಮೇಲಿನ ಮಡಿಕೆಗಳು ಆಗ ಎಷ್ಟು ಚೆನ್ನಾಗಿ ಬಂತು ಅಂದ್ರೆ ಅದಕ್ಕೋಸ್ಕರಾನೇ ಮ್ಯಾಟ್ ಪೇಪರ್ ಆರಿಸ್ಕೊಂಡೆ, ಗ್ಲಾಸಿಯಲ್ಲಿ ಆ ಸೂಕ್ಷ್ಮ ಎಲ್ಲ ಹೊಳಪಲ್ಲಿ ಮುಚ್ಚಿಹೋಗುತ್ತೆ.